ನಮ್ಮ ತಲೆಯೂ ಲೆಕ್ಕಕ್ಕೆ ಬರಲಿ



ದೀಪಾವಳಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಇ-ಪತ್ರಿಕೆಯ ಸಂಪಾದಕರು ಹಿಂದಿನಿಂದ ಬಂದು, "ಏನ್ರೀ, ಪ್ರತಿ ಸಲ ಬರೀತೀನಿ ಬರೀತೀನಿ ಅಂತೀರ, ಈ ಸಂಚಿಕೆಗಾದ್ರೂ ಕೊಡ್ತೀರೋ ಇಲ್ವೋ?" ಎಂದು ಹಿಡಿದುಕೊಂಡರು. ಬಿಸಿಬೇಳೆಬಾತಿನ ಪಾತ್ರೆ ಹತ್ತಿರವಾಗಿತ್ತು, ಆ ಅವಸರದಲ್ಲಿ ಒಪ್ಪಿಕೊಂಡುಬಿಟ್ಟೆ. ಮನೆಗೆ ಬಂದ ಮೇಲೆ ಏನು ಬರೆಯುವುದು ಎಂಬ ಚಿಂತೆ. ಪ್ರವಾಸಕಥನ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಕೆಲವು ವರ್ಷಗಳಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ಒಂದು ವಿಷಯವನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ವಿಷಯವೂ ತಲೆಯದ್ದೇ: ತಲೆಬುರುಡೆಯನ್ನು ಕೊರೆಯದೆ, ಸೂಜಿ ಚುಚ್ಚದೆ, ಬರೀ ಬೆಳಕು ಬಿಟ್ಟು ಮಿದುಳಿನ ರಕ್ತದ ಹರಿವನ್ನು ಅಳೆಯುವುದು. ನಾನು ಡಾಕ್ಟರಲ್ಲ. ಓದಿದ್ದು ಇಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಆದರೆ ನಮ್ಮ ಮನೆಯ ಎರಡು ತಲೆಗಳು ಈ ಬೆಳಕಿನಡಿ ಹೋಗಿ ಬಂದಿವೆ, ಅದರಲ್ಲೊಂದು ತಲೆಗೆ ಮೊದಲ ಸಲ ಅವಕಾಶ ಬಂದಾಗ ನಾನೇ ಬೇಡ ಎಂದು ತಪ್ಪಿಸಿದ್ದೆ. ಆ ತಪ್ಪೊಪ್ಪಿಗೆಯೂ ಈ ಲೇಖನದಲ್ಲಿದೆ.

ತಿಪಟೂರಿನಲ್ಲಿ ನಾನು ಹುಡುಗನಾಗಿದ್ದಾಗ ಕರೆಂಟು ಹೋಗದ ಸಂಜೆ ಅಪರೂಪ. ಕರೆಂಟು ಹೋದ ಕೂಡಲೇ ಅಪ್ಪನ ಎರಡು ಸೆಲ್ಲಿನ ಟಾರ್ಚಿಗೆ ನಾನೂ ತಮ್ಮನೂ ಕಿತ್ತಾಡುತ್ತಿದ್ದೆವು. ಟಾರ್ಚಿನ ಬಾಯಿಗೆ ಅಂಗೈ ಒತ್ತಿ ಹಿಡಿದರೆ ಬೆರಳುಗಳೆಲ್ಲ ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ನೀವೂ ಈ ಆಟ ಆಡಿರುತ್ತೀರಿ. ಟಾರ್ಚಿನ ಬೆಳಕು ಹಳದಿ ಬಿಳಿ, ಕೈಯಿಂದ ಹೊರಬರುವುದು ಮಾತ್ರ ಕೆಂಪು. ಏಕೆಂದರೆ ನೀಲಿ, ಹಸಿರು ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಬಹುಪಾಲು ನುಂಗಿಬಿಡುತ್ತದೆ, ಕೆಂಪನ್ನು ಅಷ್ಟಾಗಿ ನುಂಗುವುದಿಲ್ಲ. ಕೆಂಪಿನಿಂದ ಸ್ವಲ್ಪ ಆಚೆಗೆ, ಕಣ್ಣಿಗೆ ಕಾಣದ ಅವಕೆಂಪಿನ ಮೊದಲ ಭಾಗಕ್ಕೆ ಹೋದರೆ ಇನ್ನೂ ಅನುಕೂಲ. ಸುಮಾರು 650ರಿಂದ 950 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ನಮ್ಮ ಚರ್ಮ, ಮಾಂಸ, ಮೂಳೆ ಎಲ್ಲವೂ ಮಂಜುಗಟ್ಟಿದ ಗಾಜಿನ ಹಾಗೆ. ಆರಪಾರ ಕಾಣುವುದಿಲ್ಲ, ಆದರೆ ಬೆಳಕು ಒಳಗೆ ಇಳಿಯುತ್ತದೆ, ಚದುರುತ್ತದೆ, ಒಂದಿಷ್ಟು ಹೊರಗೂ ಬರುತ್ತದೆ.

ಇದರಿಂದ ಮಿದುಳನ್ನು ನೋಡಬಹುದು ಎಂದು ತೋರಿಸಿದವರು ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್. ಅವರ ಲೇಖನ 1977ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದರ ಹಿಂದಿನ ಕಥೆಯನ್ನು ಅವರೇ ಬರೆದುಕೊಂಡಿದ್ದಾರೆ. ಮನೆಯಲ್ಲಿ ಮಗನ ಜೊತೆ ಊಟಕ್ಕೆ ಕೂತಿದ್ದಾಗ ತಟ್ಟೆಯಲ್ಲಿದ್ದ ಹಸುವಿನ ಭುಜದ ಎಲುಬನ್ನು ದೀಪಕ್ಕೆ ಹಿಡಿದು ನೋಡಿದರಂತೆ, ಅದರ ಮೂಲಕ ಕೆಂಪು ಬೆಳಕು ಹಾಯುತ್ತಿತ್ತಂತೆ. ಇಷ್ಟು ದಪ್ಪದ ಮೂಳೆಯನ್ನೇ ದಾಟುವ ಬೆಳಕು ತಲೆಬುರುಡೆಯನ್ನೇಕೆ ದಾಟಬಾರದು ಎಂದು ಯೋಚನೆ ಬಂತು. ಆ ಊಟ ನಮ್ಮಲ್ಲಿ ಅನೇಕರಿಗೆ ಒಗ್ಗದಿರಬಹುದು, ಆ ಕುತೂಹಲ ಎಲ್ಲರಿಗೂ ಒಗ್ಗುವಂಥದ್ದು.

ಫಿಲಡೆಲ್ಫಿಯಾ ಸುತ್ತಮುತ್ತ ಇರುವ ನಮಗೆ ಈ ವಿಷಯ ಅಕ್ಷರಶಃ ನೆರೆಮನೆಯದು. ಮಿದುಳಿಗೆ ನಿಮಿಷಕ್ಕೆ ಎಷ್ಟು ರಕ್ತ ಹರಿಯುತ್ತದೆ ಎಂದು ಬದುಕಿರುವ ಮನುಷ್ಯನಲ್ಲಿ ಸರಿಯಾಗಿ ಲೆಕ್ಕ ಹಾಕುವ ವಿಧಾನವನ್ನು 1940ರ ದಶಕದಲ್ಲಿ ಕಂಡುಹಿಡಿದವರು ಇಲ್ಲಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸೀಮೋರ್ ಕೆಟಿ ಮತ್ತು ಕಾರ್ಲ್ ಸ್ಮಿತ್. ನೈಟ್ರಸ್ ಆಕ್ಸೈಡ್ ಉಸಿರಾಡಲು ಕೊಟ್ಟು, ಒಂದು ಸೂಜಿಯನ್ನು ಅಪಧಮನಿಗೆ, ಇನ್ನೊಂದನ್ನು ಮಿದುಳಿನಿಂದ ರಕ್ತ ಇಳಿದು ಬರುವ ಕತ್ತಿನ ಅಭಿಧಮನಿಗೆ ಹಾಕಿ, ಎರಡೂ ಕಡೆಯ ರಕ್ತವನ್ನು ಮತ್ತೆ ಮತ್ತೆ ತೆಗೆದು ಹೋಲಿಸಬೇಕಿತ್ತು. 1948ರಲ್ಲಿ ಅವರು ಕೊಟ್ಟ ಸರಾಸರಿ ಲೆಕ್ಕ ಹೀಗಿದೆ: 100 ಗ್ರಾಂ ಮಿದುಳಿಗೆ ನಿಮಿಷಕ್ಕೆ 54 ಮಿಲಿಲೀಟರ್. ಇವತ್ತಿಗೂ ವೈದ್ಯಕೀಯ ಪಠ್ಯಗಳು ಸುಮಾರು 50 ಎನ್ನುತ್ತವೆ. ಅದು 20ರ ಆಸುಪಾಸಿಗೆ ಇಳಿದರೆ ಮಿದುಳಿನ ಕೆಲಸ ಕೆಡುತ್ತದೆ, 10ರ ಹತ್ತಿರಕ್ಕೆ ಇಳಿದರೆ ನರಕೋಶಗಳು ಸಾಯತೊಡಗುತ್ತವೆ. ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮಿದುಳು ಆಮ್ಲಜನಕದಲ್ಲಿ ಶೇಕಡ 20ರಷ್ಟನ್ನು ಬೇಡುತ್ತದೆ, ಮತ್ತು ಕೂಡಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ.

ಈ 54 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಯಾರೋ ಕೆಲವು ಆರೋಗ್ಯವಂತ ಯುವಕರು ಸೂಜಿಗೆ ಕತ್ತು ಒಡ್ಡಿ ಮಲಗಿದ್ದರಿಂದ ಬಂತು. ಅವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ.

ಮುಂದೆ ಅದೇ ಊರಿನಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ಬ್ರಿಟನ್ ಚಾನ್ಸ್ ಎಂಬ ಮಹಾಶಯರು ಸೂಜಿಯ ಬದಲು ಬೆಳಕಿನ ಹಿಂದೆ ಬಿದ್ದರು. 1952ರ ಒಲಿಂಪಿಕ್ಸಿನಲ್ಲಿ ಹಾಯಿದೋಣಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು ಇವರೇ! 2010ರಲ್ಲಿ, 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಣೆಯ ಮೇಲೆ ಒಂದು ಬಿಂದುವಿನಲ್ಲಿ ಬೆಳಕು ಬಿಟ್ಟು, ಸುಮಾರು ಮೂರು ಸೆಂಟಿಮೀಟರ್ ಆಚೆ ಇನ್ನೊಂದು ಬಿಂದುವಿನಲ್ಲಿ ಹಿಡಿದರೆ, ಆ ಬೆಳಕು ಒಳಗೆ ಬಾಳೆಹಣ್ಣಿನಂತೆ ಬಾಗಿದ ದಾರಿಯಲ್ಲಿ ಇಳಿದು, ಮಿದುಳಿನ ಮೇಲ್ಪದರವನ್ನು ಸವರಿಕೊಂಡು ಮೇಲೆ ಬರುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನೂ ಹೊರದ ಹಿಮೋಗ್ಲೋಬಿನ್ನೂ ಬೇರೆ ಬೇರೆ ಬಣ್ಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ನುಂಗುತ್ತವೆ. ಸುಮಾರು 800 ನ್ಯಾನೋಮೀಟರಿನಲ್ಲಿ ಎರಡೂ ಸಮ. ಅದಕ್ಕಿಂತ ಈಚೆ ಒಂದರ ಕೈ ಮೇಲು, ಆಚೆ ಇನ್ನೊಂದರದು. ಹಾಗಾಗಿ ಎರಡು ಬಣ್ಣದ ಬೆಳಕು ಬಿಟ್ಟು ಎಷ್ಟೆಷ್ಟು ವಾಪಸು ಬಂತು ಎಂದು ನೋಡಿದರೆ, ಅಲ್ಲಿನ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಲೆಕ್ಕ ಹಾಕಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಣ್ಣ ಎಂದುಕೊಳ್ಳಿ.

ಆದರೆ ಆಮ್ಲಜನಕ ಬೇರೆ, ಹರಿವು ಬೇರೆ. ಬೆಂಗಳೂರಿನಲ್ಲಿ ಮನೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಪಿನಲ್ಲಿ ನೀರಿದೆ ಎಂದಮಾತ್ರಕ್ಕೆ ನಲ್ಲಿಯಲ್ಲಿ ಬರುತ್ತಿದೆ ಎಂದಲ್ಲ! ಹರಿವನ್ನೇ ಅಳೆಯಲು ಇನ್ನೊಂದು ಉಪಾಯ ಬೇಕಿತ್ತು. 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇವಿಡ್ ಬೋವಾಸ್, ಅರ್ಜುನ್ ಯೋಧ್ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸದಿಂದ ಅದು ಬೆಳೆಯಿತು. ಹೊಳೆಯ ಮೇಲೆ ಬಿದ್ದ ಬಿಸಿಲು ಸೇತುವೆಯ ಅಡಿಭಾಗದಲ್ಲಿ ಕುಣಿಯುವುದನ್ನು ನೋಡಿದ್ದೀರಲ್ಲ? ನೀರು ನಿಂತಿದ್ದರೆ ಬೆಳಕಿನ ಚುಕ್ಕೆಗಳು ತೂಕಡಿಸುತ್ತವೆ, ನೀರು ಓಡಿದರೆ ಅವೂ ಚಡಪಡಿಸುತ್ತವೆ. ಲೇಸರ್ ಬೆಳಕು ತಲೆಯೊಳಗೆ ಚದುರಿ ಹೊರಬಂದಾಗಲೂ ಹೀಗೇ ಕಾಳುಕಾಳಾದ ಚುಕ್ಕೆಗಳ ಚಿತ್ತಾರ ಮೂಡುತ್ತದೆ. ಒಳಗೆ ಕೆಂಪು ರಕ್ತಕಣಗಳು ಓಡುತ್ತಿರುವುದರಿಂದ ಆ ಚಿತ್ತಾರ ಕ್ಷಣಕ್ಷಣಕ್ಕೂ ಮಿನುಗುತ್ತದೆ. ಎಷ್ಟು ಬೇಗ ಮಿನುಗುತ್ತದೆಯೋ ಅಷ್ಟು ಜೋರು ಹರಿವು. ಮಿನುಗಿನ ವೇಗ ಅಳೆದರೆ ಹರಿವಿನ ಸೂಚ್ಯಂಕ ಸಿಗುತ್ತದೆ. ನನ್ನ ಕಣ್ಣಿಗೆ ಇಷ್ಟು ಸೊಗಸಾದ ಉಪಾಯ ಬೇರೆ ಕಂಡಿಲ್ಲ. ಇದು ಇವತ್ತಿಗೂ ಬಹುಮಟ್ಟಿಗೆ ಸಂಶೋಧನೆಯ ಸಾಧನ. ಆಮ್ಲಜನಕ ಅಳೆಯುವ ಮೊದಲನೆಯದು ಮಾತ್ರ ಆಪರೇಷನ್ ಥಿಯೇಟರುಗಳಿಗೆ ಯಾವತ್ತೋ ಬಂದುಬಿಟ್ಟಿದೆ.

ಹಾಗೆ ಬಂದದ್ದನ್ನು ನಾನು ನೋಡಿದ್ದು 2019ರಲ್ಲಿ, ಅಮ್ಮನ ಹಣೆಯ ಮೇಲೆ. ಅಮ್ಮನಿಗೆ ಬೈಪಾಸ್ ಆಗಬೇಕಿತ್ತು. ಆಪರೇಷನ್ನಿನ ಮೊದಲು ಹಣೆಯ ಎರಡೂ ಬದಿ ಬ್ಯಾಂಡೇಜಿನಂಥ ಪಟ್ಟಿ ಅಂಟಿಸಿದರು. ಹೃದಯ ನಿಲ್ಲಿಸಿ ಯಂತ್ರಕ್ಕೆ ಹಾಕಿದಾಗ ಮಿದುಳಿಗೆ ಆಮ್ಲಜನಕ ತಲುಪುತ್ತಿದೆಯೇ ಎಂದು ನೋಡಲು ಇದು ಎಂದು ನರ್ಸ್ ವಿವರಿಸಿದರು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಗಾಬರಿಯಿಂದ, "ನನ್ ತಲೇಲಿರೋದೆಲ್ಲ ಅದ್ರಲ್ಲಿ ಕಾಣುತ್ತೇನೋ?" ಎಂದಳು. "ಇಲ್ಲಮ್ಮ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಷ್ಟೇ ಕಾಣೋದು" ಎಂದೆ. "ಸದ್ಯ! ಕಂಡಿದ್ರೆ ನಿನ್ ಹೆಂಡ್ತಿಗೆ ಹೇಳ್ಬೇಡ ಅಂತಿದ್ದೆ" ಎಂದು ನಕ್ಕಳು. ಪಕ್ಕದಲ್ಲೇ ಇದ್ದ ನನ್ನ ಹೆಂಡತಿಯೂ ನಕ್ಕಳು.

ಪರದೆಯಲ್ಲಿ ಸಂಖ್ಯೆ ಬಂತು. ನರ್ಸ್ ಅದನ್ನು ನೋಡಿ, ಅಮ್ಮನ ಮುಖ ನೋಡಿ, ಸಹೋದ್ಯೋಗಿಗೆ ಒಂದು ಮಾತು ಹೇಳಿದರು: ಕಪ್ಪು ಚರ್ಮದವರಲ್ಲಿ ಇದು ಕಡಿಮೆ ತೋರಿಸುತ್ತದೆ, ಸಂಖ್ಯೆ ನೋಡಬೇಡ, ಏರಿಳಿತ ನೋಡು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅನುಭವದಿಂದ ಹೇಳಿದ್ದು, ಸರಿಯಾಗಿಯೇ ಹೇಳಿದ್ದು. ಆಪರೇಷನ್ ಚೆನ್ನಾಗಿ ಆಯಿತು, ಅಮ್ಮ ಈಗಲೂ ನಮ್ಮ ಜೊತೆ ಇದ್ದಾಳೆ, ನನಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಲು ಬರುವುದಿಲ್ಲ ಎಂದು ಈಗಲೂ ಬೈಯುತ್ತಾಳೆ. ಆದರೆ ಹೊರಗಿನ ಕೋಣೆಯಲ್ಲಿ ಐದು ಗಂಟೆ ಕಾಯುತ್ತ ಕೂತಾಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಕಡಿಮೆ ತೋರಿಸುತ್ತದೆ ಸರಿ, ಎಷ್ಟು ಕಡಿಮೆ? ಅಮ್ಮನ ಬಣ್ಣಕ್ಕೆ ಎಷ್ಟು ಕಳೆಯಬೇಕು, ಎಷ್ಟು ಕೂಡಿಸಬೇಕು? ಅಲ್ಲಿದ್ದವರ್ಯಾರ ಬಳಿಯೂ ಅದಕ್ಕೆ ಉತ್ತರ ಇರಲಿಲ್ಲ.

ಮನೆಗೆ ಬಂದು ಹುಡುಕಿದೆ. ಹೃದಯದ ಆಪರೇಷನ್ನಿಗೆ ಬಂದ ಆಫ್ರಿಕನ್ ಅಮೆರಿಕನ್ ರೋಗಿಗಳಲ್ಲಿ ಈ ಹಣೆಪಟ್ಟಿಯ ಅಳತೆ ಬಿಳಿಯರಿಗಿಂತ ಕಡಿಮೆ ಬರುತ್ತದೆ ಎಂದು 2015ರಲ್ಲೇ ಒಂದು ಅಧ್ಯಯನ ಹೇಳಿತ್ತು. ಚರ್ಮದ ಮೆಲನಿನ್ ಕೂಡ ಬೆಳಕು ನುಂಗುತ್ತದೆ, ಯಂತ್ರ ಅದನ್ನು ರಕ್ತದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಬೆರಳಿನ ಆಕ್ಸಿಮೀಟರಿನಲ್ಲಿ ತಪ್ಪು ಇನ್ನೊಂದು ದಿಕ್ಕಿನದು, ಇನ್ನೂ ಅಪಾಯದ್ದು. 2020ರ ಡಿಸೆಂಬರಿನಲ್ಲಿ ಮಿಶಿಗನ್ನಿನ ವೈದ್ಯರು ಪ್ರಕಟಿಸಿದ ಲೆಕ್ಕ ನೋಡಿ. ಆಕ್ಸಿಮೀಟರು 92ರಿಂದ 96 ತೋರಿಸುತ್ತಿದ್ದಾಗ, ರಕ್ತ ತೆಗೆದು ಪರೀಕ್ಷಿಸಿದರೆ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯ ರೋಗಿಗಳಲ್ಲಿ ಶೇಕಡ 3.6, ಕಪ್ಪು ರೋಗಿಗಳಲ್ಲಿ ಶೇಕಡ 11.7. ಯಂತ್ರ 'ಪರವಾಗಿಲ್ಲ' ಎನ್ನುತ್ತಿದ್ದಾಗ ಪರವಾಗಿಲ್ಲ ಎಂಬಂತೆ ಇರಲಿಲ್ಲ.

ಬಂಧುಗಳೇ, 2021ರ ಏಪ್ರಿಲ್ ಮೇ ತಿಂಗಳುಗಳನ್ನು ನೆನಪಿಸಿಕೊಳ್ಳಿ. ಊರಿನಿಂದ ದಿನಕ್ಕೊಂದು ಕೆಟ್ಟ ಸುದ್ದಿ. ನಾವು ರಾತ್ರಿ ಹೊತ್ತು ವಾಟ್ಸಾಪಿನಲ್ಲಿ, "ಅಪ್ಪನ ಬೆರಳಿಗೆ ಹಾಕಿ ನೋಡಿ, ಎಷ್ಟು ತೋರಿಸ್ತಿದೆ? 93? ಹಾಗಾದ್ರೆ ಬೆಳಿಗ್ಗೆವರೆಗೂ ಕಾಯೋಣ" ಎನ್ನುತ್ತಿದ್ದೆವು. ಎಷ್ಟೋ ಮನೆಗಳಲ್ಲಿ ಆ ಪುಟ್ಟ ಡಬ್ಬಿಯ ಮಾತಿನ ಮೇಲೆ ಆಸ್ಪತ್ರೆಗೆ ಹೋಗುವುದೋ ಬಿಡುವುದೋ ನಿರ್ಧಾರವಾಯಿತು. ಆ ಡಬ್ಬಿಯನ್ನು ಯಾರ ಬೆರಳಿನ ಮೇಲೆ ಪರೀಕ್ಷಿಸಿದ್ದರು ಎಂದು ನಾವ್ಯಾರೂ ಕೇಳಲಿಲ್ಲ. ಇಲ್ಲಿನ ಎಫ್‌ಡಿಎ 2013ರಲ್ಲಿ ಹಾಕಿದ್ದ ಮಾರ್ಗಸೂಚಿಯ ಪ್ರಕಾರ ಕನಿಷ್ಠ 10 ಜನರ ಮೇಲೆ ಪರೀಕ್ಷಿಸಿದರೆ ಸಾಕಿತ್ತು. ಅವರಲ್ಲಿ ಕಡು ಬಣ್ಣದ ಚರ್ಮದವರು 2 ಜನ ಅಥವಾ ಶೇಕಡ 15, ಯಾವುದು ಹೆಚ್ಚೋ ಅಷ್ಟು. 2025ರ ಜನವರಿಯಲ್ಲಿ ಬಂದ ಹೊಸ ಕರಡು ಆ ಸಂಖ್ಯೆಯನ್ನು 150ಕ್ಕೆ ಏರಿಸಿ, ಎಲ್ಲ ಬಗೆಯ ಚರ್ಮದವರೂ ಇರಬೇಕು ಎಂದಿತು. ಒಳ್ಳೆಯದೇ. ಆದರೆ ಆ 150 ಜನ ಎಲ್ಲಿಂದ ಬರಬೇಕು? ನಾವು ಹೋಗದೆ ನಮ್ಮ ಬಣ್ಣ ಅಲ್ಲಿಗೆ ತಾನಾಗಿ ಹೋಗುತ್ತದೆಯೇ?

ಈಗ ನನ್ನ ತಪ್ಪೊಪ್ಪಿಗೆ. ನಮ್ಮ ಮಗಳು ಹುಟ್ಟಿದ್ದು 2006ರಲ್ಲಿ, 31 ವಾರಕ್ಕೇ. ಐದು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಒಂದು ದಿನ ಸಂಶೋಧಕಿಯೊಬ್ಬರು ಬಂದು, ಮಗುವಿನ ಹಣೆಗೆ ಮೃದುವಾದ ಪಟ್ಟಿಯಿಟ್ಟು ಬೆಳಕಿನಿಂದ ಮಿದುಳಿನ ರಕ್ತದ ಅಳತೆ ತೆಗೆಯುತ್ತೇವೆ, ನೋವಾಗುವುದಿಲ್ಲ, ಒಪ್ಪಿಗೆಯೇ ಎಂದು ಕೇಳಿದರು. ಹೆಂಡತಿ, "ರೀ, ಅವರು ಏನ್ ಹೇಳ್ತಾರೋ ಪೂರ್ತಿ ಕೇಳೋಣ ಇರಿ" ಎಂದಳು. ನಾನು ಕೇಳಲಿಲ್ಲ. "ನನ್ನ ಮಗು ನಿಮ್ಮ ಪ್ರಯೋಗದ ಇಲಿಯಲ್ಲ" ಎಂದು ಒರಟಾಗಿ ಹೇಳಿ ಕಳಿಸಿಬಿಟ್ಟೆ. ಆಕೆ ಒಂದು ಮಾತೂ ಮರುನುಡಿಯದೆ, ಮಗು ಬೇಗ ಮನೆಗೆ ಹೋಗಲಿ ಎಂದು ಹಾರೈಸಿ ಹೋದರು. ಬೇಡ ಎನ್ನುವ ಹಕ್ಕು ನನಗಿತ್ತು, ಆ ಸ್ಥಿತಿಯಲ್ಲಿ ಯಾವ ತಂದೆತಾಯಿಗಾದರೂ ಇದೆ. ನನ್ನ ಬೇಸರ ಅದಕ್ಕಲ್ಲ. ಕೇಳಿಸಿಕೊಳ್ಳದೆ ಬೇಡ ಎಂದೆನಲ್ಲ, ಅದಕ್ಕೆ. ಆ ಪೆಟ್ಟಿಗೆಯಲ್ಲಿ ಮಗುವನ್ನು ಉಳಿಸುತ್ತಿದ್ದ ಪ್ರತಿಯೊಂದು ಸಾಧನವೂ ಹಿಂದೆ ಯಾರದೋ ಮಗುವಿನ ಮೇಲೆ, ಯಾರೋ ತಂದೆತಾಯಿ ಒಪ್ಪಿದ್ದರಿಂದ ಪರೀಕ್ಷೆಯಾಗಿತ್ತು. ಅದನ್ನೆಲ್ಲ ಸಲೀಸಾಗಿ ತೆಗೆದುಕೊಂಡೆ, ಕೊಡುವ ಸರದಿ ಬಂದಾಗ ಬಾಗಿಲು ಹಾಕಿದೆ.

ಅದೇ ಮಗಳಿಗೆ ಈಗ 19. ಕಾಲೇಜಿನಲ್ಲಿ ಮನಶ್ಶಾಸ್ತ್ರದ ಒಂದು ಪ್ರಯೋಗಕ್ಕೆ ತಾನಾಗಿ ಹೆಸರು ಕೊಟ್ಟಳು. ತಲೆಗೆ ಟೋಪಿ ಹಾಕಿ, ಅದರ ತುಂಬ ಬೆಳಕಿನ ತಂತುಗಳನ್ನು ಸಿಕ್ಕಿಸಿ, ಕಂಪ್ಯೂಟರ್ ಮುಂದೆ ಲೆಕ್ಕ ಮಾಡಿಸುವ ಪ್ರಯೋಗ. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೆಯೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಅದನ್ನು ಈ ಬೆಳಕು ಹಿಡಿಯುತ್ತದೆ. ಹಣೆಯ ಮೇಲೆ ಸಲೀಸು. ಆದರೆ ತಲೆಯ ಉಳಿದ ಭಾಗದಲ್ಲಿ ಕೂದಲಿದೆಯಲ್ಲ! ಅಜ್ಜಿ ಪ್ರತಿ ಭಾನುವಾರ ತಿಪಟೂರಿನ ಕೊಬ್ಬರಿ ಎಣ್ಣೆ ತಿಕ್ಕಿ ಬೆಳೆಸಿದ ಸೊಂಪಾದ ಕಪ್ಪು ಕೂದಲು. ಅಲ್ಲಿನ ವಿದ್ಯಾರ್ಥಿಗಳು ಮುಕ್ಕಾಲು ಗಂಟೆ ಕೂದಲು ಬಿಡಿಸಿ ಬಿಡಿಸಿ ಬೈತಲೆ ತೆಗೆದು ತಂತು ಕೂರಿಸಲು ನೋಡಿದರಂತೆ. ಕೊನೆಗೂ ಅರ್ಧಕ್ಕರ್ಧ ತಂತುಗಳಿಗೆ ಬೆಳಕೇ ಬರಲಿಲ್ಲ. ಅವಳ ದತ್ತಾಂಶವನ್ನು ಬದಿಗಿಟ್ಟರು. ಫೋನಿನಲ್ಲಿ ಹೇಳಿದಳು: "ಅಪ್ಪಾ, ನಾನು ಲೆಕ್ಕ ಎಲ್ಲಾ ಸರಿಯಾಗೇ ಮಾಡ್ದೆ. ಆದ್ರೆ ಅವರ ಲೆಕ್ಕದಲ್ಲಿ ನಾನೇ ಇಲ್ಲ."

ನನಗೆ ಮಾತು ಹೊರಡಲಿಲ್ಲ. ಮೊದಲ ಸಲ ಅಪ್ಪ ಬಿಡಲಿಲ್ಲ, ಎರಡನೆಯ ಸಲ ಕೂದಲು ಬಿಡಲಿಲ್ಲ! ನೋಡಿ, ಇಲ್ಲಿ ಯಾರೂ ಯಾರನ್ನೂ ಹೊರಗಟ್ಟಿಲ್ಲ. ಬೆಳಕು ಬಾರದ ತಲೆಯನ್ನು ಬಿಟ್ಟರು, ಅಷ್ಟೆ. ಆದರೆ ಪ್ರತಿ ಪ್ರಯೋಗಶಾಲೆಯಲ್ಲೂ ಹೀಗೆ ದಟ್ಟ ಕಪ್ಪು ಕೂದಲಿನವರನ್ನು ಬಿಡುತ್ತ ಹೋದರೆ, 'ಮನುಷ್ಯರ ಮಿದುಳು ಹೀಗೆ ಕೆಲಸ ಮಾಡುತ್ತದೆ' ಎಂದು ಕೊನೆಗೆ ಬರೆಯುವ ವಾಕ್ಯದಲ್ಲಿ ಮನುಷ್ಯರು ಎಂದರೆ ಯಾರು? ಇದನ್ನು ಸರಿಪಡಿಸುವ ದಾರಿ ಇದೆ. ಕೂದಲ ನಡುವೆ ನುಸುಳುವ ಬಾಚಣಿಗೆಯಂಥ ತಂತುಗಳು, ಇನ್ನೂ ಸೂಕ್ಷ್ಮವಾದ ಪತ್ತೆಕಾರಿಗಳು, ಚರ್ಮದ ಬಣ್ಣವನ್ನು ಮೊದಲೇ ಅಳೆದು ಲೆಕ್ಕಕ್ಕೆ ಸೇರಿಸುವ ವಿಧಾನ, ಎಲ್ಲದರ ಮೇಲೂ ಕೆಲಸ ನಡೆದಿದೆ. ಆದರೆ ಅಂಥ ಕೂದಲು, ಅಂಥ ಚರ್ಮ ಎದುರಿಗೆ ಬಂದು ಕೂತರೆ ತಾನೇ ಇಂಜಿನಿಯರಿಗೆ ಅದು ತನ್ನ ಸಮಸ್ಯೆ ಎನಿಸುವುದು?

ಹಾಗಾಗಿ ನನ್ನ ಅಭಿಪ್ರಾಯ ಸರಳ. ಇಂಥ ಅಧ್ಯಯನಗಳಿಗೆ ಕರೆ ಬಂದಾಗ ನಮ್ಮ ಕನ್ನಡ ಕುಟುಂಬಗಳು ಹಿಂಜರಿಯದೆ ಕಿವಿಗೊಡಬೇಕು, ಮನಸ್ಸೊಪ್ಪಿದರೆ ಹೆಸರು ಕೊಡಬೇಕು. ರಕ್ತದಾನಕ್ಕೆ ನಮ್ಮ ಕೂಟದವರು ಸಾಲುಗಟ್ಟಿ ನಿಲ್ಲುತ್ತೀರಿ. ಇದು ಬೆಳಕಿನ ದಾನ, ರಕ್ತ ಕೊಡಬೇಕಾಗಿಯೂ ಇಲ್ಲ!

ಈ ಮಾತನ್ನು ಹೇಳಿದಾಗಲೆಲ್ಲ ಸ್ನೇಹಿತರಿಂದ ಮೂರು ಆಕ್ಷೇಪ ಬರುತ್ತವೆ. ಮೊದಲನೆಯದು, ಅಪಾಯ ಇಲ್ಲವೇ? ಇದು ಎಕ್ಸ್‌ರೇ ಅಲ್ಲ, ಜೀವಕೋಶದ ಅಣುಗಳನ್ನು ಒಡೆಯುವ ಶಕ್ತಿ ಈ ಬೆಳಕಿಗಿಲ್ಲ. ಚರ್ಮ ಬಿಸಿಯಾಗದಷ್ಟು ಮಿತಿಯಲ್ಲಿ ಬಿಡಬೇಕೆಂದು ನಿಯಮವಿದೆ. ಲೇಸರ್ ಕಣ್ಣಿಗೆ ನೇರವಾಗಿ ಬೀಳಬಾರದು, ಅದನ್ನು ಅವರು ನೋಡಿಕೊಳ್ಳುತ್ತಾರೆ, ನೀವೂ ಕೇಳಿ ತಿಳಿದುಕೊಳ್ಳಿ. ಎರಡನೆಯದು, ನಮ್ಮ ಮಾಹಿತಿ ಎಲ್ಲಿಗೆ ಹೋಗುತ್ತದೆ? ಇದು ನ್ಯಾಯವಾದ ಪ್ರಶ್ನೆ. ಒಪ್ಪಿಗೆ ಪತ್ರವನ್ನು ಸಾಫ್ಟ್‌ವೇರಿನ ಷರತ್ತುಗಳ ಹಾಗೆ ಓದದೆ ಒಪ್ಪಬೇಡಿ. ಹೆಸರು ತೆಗೆದಿಡುತ್ತಾರೆಯೇ, ಬೇರೆಯವರಿಗೆ ಕೊಡುತ್ತಾರೆಯೇ, ಮಧ್ಯದಲ್ಲಿ ಬಿಟ್ಟುಹೋಗಬಹುದೇ, ನೈತಿಕ ಸಮಿತಿಯ ಅನುಮತಿ ಇದೆಯೇ, ಈ ನಾಲ್ಕು ಪ್ರಶ್ನೆ ಕೇಳಿ. ಉತ್ತರ ತೃಪ್ತಿಯಾಗದಿದ್ದರೆ ನಮಸ್ಕಾರ ಹೇಳಿ ಎದ್ದುಬನ್ನಿ. ಮೂರನೆಯದು, ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅವರಿಗೇಕೆ ಈ ತೊಂದರೆ? ಇಲ್ಲಿ ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ. ಅವರ ಪರವಾಗಿ ನಾವೇ ಹೂಂ ಎನ್ನುವುದೂ ತಪ್ಪು, ನಾವೇ ಊಹೂಂ ಎನ್ನುವುದೂ ತಪ್ಪು. ಕನ್ನಡದಲ್ಲಿ ಕೂರಿಸಿ ವಿವರಿಸಿ. ನಮ್ಮ ಹಿರಿಯರು ಕೆರೆ ಕಟ್ಟೆ ಕಟ್ಟಿಸಿದವರ ಮೊಮ್ಮಕ್ಕಳು. ತಾವು ಕುಡಿಯದ ನೀರಿಗೂ ಕಲ್ಲು ಹೊರುವುದು ಅವರಿಗೆ ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಹಾಗೆಂದು ಈ ಬೆಳಕನ್ನು ದೇವರ ದೀಪ ಮಾಡುವುದೂ ಬೇಡ. ಅದು ಮಿದುಳಿನ ಮೇಲ್ಪದರವನ್ನಷ್ಟೇ ಮುಟ್ಟುತ್ತದೆ, ಆಳಕ್ಕೆ ಎಂಆರ್‌ಐ ಬೇಕು. ನೆತ್ತಿಯ ಚರ್ಮದ ರಕ್ತ ಅಳತೆಯಲ್ಲಿ ಬೆರೆತುಹೋಗುತ್ತದೆ, ಅದನ್ನು ಬೇರ್ಪಡಿಸಬೇಕು. ಇದರಿಂದ ಯಾರ ಮನಸ್ಸನ್ನೂ ಓದಲಾಗುವುದಿಲ್ಲ, ಮಕ್ಕಳ ಏಕಾಗ್ರತೆ ಅಳೆಯುತ್ತೇವೆ ಎಂದು ಯಾರಾದರೂ ತಲೆಪಟ್ಟಿ ಮಾರಲು ಬಂದರೆ ದುಡ್ಡು ಜೇಬಿನಲ್ಲೇ ಇರಲಿ. ಅಳೆದಮಾತ್ರಕ್ಕೆ ಗುಣವಾಗುತ್ತದೆ ಎಂದೂ ಇಲ್ಲ. 28 ವಾರಕ್ಕಿಂತ ಮೊದಲೇ ಹುಟ್ಟಿದ 1601 ಮಕ್ಕಳ ಮೇಲೆ ಹಲವು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಮೊದಲ ಮೂರು ದಿನ ಮಿದುಳಿನ ಆಮ್ಲಜನಕವನ್ನು ಈ ಬೆಳಕಿನಿಂದ ನೋಡುತ್ತ ಚಿಕಿತ್ಸೆ ಕೊಟ್ಟ ಮಕ್ಕಳಿಗೂ, ಹಾಗೆ ನೋಡದ ಮಕ್ಕಳಿಗೂ ಸಾವು ಅಥವಾ ತೀವ್ರ ಮಿದುಳು ಹಾನಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿರಾಸೆಯ ಫಲಿತಾಂಶವೇ. ಆದರೆ ಆ ಮಕ್ಕಳ ಮನೆಗಳವರು ಒಪ್ಪಿದ್ದರಿಂದಲೇ ಜಗತ್ತಿಗೆ ಆ ನಿಜ ಗೊತ್ತಾಯಿತು. ಕೆಲಸಕ್ಕೆ ಬಾರದ್ದು ಯಾವುದು ಎಂದು ತಿಳಿಯುವುದೂ ತಿಳಿವೇ.

ಇನ್ನೊಂದು ಮಾತು ಮನೆಯ ಹಿರಿಯರ ಬಗ್ಗೆ. ಆಂಬುಲೆನ್ಸಿನಲ್ಲೇ ಬೆಳಕಿಟ್ಟು ಪಾರ್ಶ್ವವಾಯು ಗುರುತಿಸುವ ದಿನಕ್ಕಾಗಿ ಕಾಯಬೇಡಿ. ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲಿ ಒಂದು ಲೆಕ್ಕ ಹಾಕಿದ್ದಾರೆ. ಮುಖ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ, ಮಲಗಿ ಎದ್ದರೆ ಸರಿಹೋಗುತ್ತದೆ ಎನ್ನದೆ 911ಕ್ಕೆ ಫೋನ್ ಮಾಡಿ. ಅಪ್ಪ ಅಮ್ಮನಿಗೂ ಆ ಮೂರು ಅಂಕೆ ಒತ್ತುವುದನ್ನು ಕಲಿಸಿ.

ಊರಿನ ಸುದ್ದಿ ಹೇಳದಿದ್ದರೆ ನಮ್ಮ ಪತ್ರಿಕೆಯ ಲೇಖನ ಆಗುವುದು ಹೇಗೆ? ಈ ಬೆಳಕಿನ ಸಾಧನಗಳ ದೊಡ್ಡ ಗುಣ ಅವು ಹಗುರ, ಎಂಆರ್‌ಐಗೆ ಹೋಲಿಸಿದರೆ ಅಗ್ಗ, ಹಳ್ಳಿಗೂ ಹೊತ್ತೊಯ್ಯಬಹುದು. ಉತ್ತರ ಪ್ರದೇಶದ ಶಿವಗಢದಲ್ಲಿ ಹಳ್ಳಿಯ ಕೂಸುಗಳ ತಲೆಗೆ ಇಂಥ ಟೋಪಿ ಹಾಕಿ ಮಿದುಳಿನ ಬೆಳವಣಿಗೆ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಗಿದೆ. ಬಡತನ ಮಗುವಿನ ಮಿದುಳನ್ನು ಹೇಗೆ ತಟ್ಟುತ್ತದೆ ಎಂಬ ಪ್ರಶ್ನೆಯನ್ನು ಹಳ್ಳಿಯಲ್ಲೇ ಕೂತು ಕೇಳಲು ಅದರಿಂದ ಸಾಧ್ಯವಾಯಿತು. ತಲೆಗೆ ಪೆಟ್ಟು ಬಿದ್ದವರಲ್ಲಿ ಒಳಗೆ ರಕ್ತ ಸೋರಿದೆಯೇ ಎಂದು ಎಡ ಬಲ ಹೋಲಿಸಿ ಹೇಳುವ, ಕೈಯಲ್ಲಿ ಹಿಡಿಯುವ 'ಸೆರೆಬೋ' ಎಂಬ ಸಾಧನವನ್ನು ಅಹಮದಾಬಾದಿನ ಬಯೋಸ್ಕ್ಯಾನ್ ಸಂಸ್ಥೆ ತಯಾರಿಸಿದೆ. ಅದರ ಹಿಂದಿನ ಕೆಲಸದಲ್ಲಿ ಐಸಿಎಂಆರ್ ಜೊತೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಸೇರಿದೆ. ರಾತ್ರಿ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಹುಡುಗನನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವುದೋ, ಸ್ಕ್ಯಾನ್ ಇರುವ ದೊಡ್ಡ ಊರಿಗೆ ಓಡಿಸುವುದೋ ಎಂದು ನಿರ್ಧರಿಸುವ ಆ ಹತ್ತು ನಿಮಿಷದಲ್ಲಿ ಇಂಥದ್ದು ಜೀವ ಉಳಿಸೀತು. ಆ ಹುಡುಗನ ಚರ್ಮ, ಕೂದಲು ನಮ್ಮ ಚರ್ಮ, ಕೂದಲೇ. ಇಲ್ಲಿ ನಾವು ಕೊಟ್ಟ ಲೆಕ್ಕ ಅಲ್ಲಿಗೂ ಮುಟ್ಟುತ್ತದೆ.

ನಮ್ಮ ಕೂಟಕ್ಕೆ ನನ್ನದೊಂದು ಸಲಹೆ. ಬೇಸಿಗೆಯ ಪಿಕ್ನಿಕ್ಕಿನಲ್ಲಿ ಆರೋಗ್ಯ ತಪಾಸಣೆಯ ಮೇಜು ಹಾಕುತ್ತೇವಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಮೇಜು ಹಾಕೋಣ. ಹತ್ತಿರದ ವಿಶ್ವವಿದ್ಯಾಲಯಗಳಲ್ಲಿ ಯಾವ ಅಧ್ಯಯನಕ್ಕೆ ಜನ ಬೇಕಾಗಿದ್ದಾರೆ ಎಂದು ತಿಳಿದು, ನಮ್ಮಲ್ಲಿರುವ ಡಾಕ್ಟರುಗಳ ಕೈಯಲ್ಲಿ ಒಪ್ಪಿಗೆ ಪತ್ರದ ಸಾರಾಂಶವನ್ನು ಒಂದು ಪುಟದಷ್ಟು ಕನ್ನಡದಲ್ಲಿ ಬರೆಸಿ ಇಡೋಣ. ಬರವಣಿಗೆಗೆ, ಟೈಪಿಂಗಿಗೆ ನಾನು ಸಿದ್ಧ. ಯಾರನ್ನೂ ಒತ್ತಾಯಿಸುವುದು ಬೇಡ, ಕೇಳಿಸಿಕೊಳ್ಳಲು ಒಂದು ಜಾಗ ಇರಲಿ. 2006ರಲ್ಲಿ ನನಗೆ ಬೇಕಿದ್ದದ್ದು ಅಷ್ಟೇ.

ಮಗಳಿಗೆ ಮುಂದಿನ ತಿಂಗಳು ಅದೇ ಪ್ರಯೋಗಶಾಲೆಯಿಂದ ಮತ್ತೆ ಕರೆ ಬಂದಿದೆ. ದಟ್ಟ ಕೂದಲಿಗೆಂದೇ ಮಾಡಿದ ಹೊಸ ಟೋಪಿಯನ್ನು ಪರೀಕ್ಷಿಸಬೇಕಂತೆ, ಮೊದಲು ನೆನಪಾದದ್ದು ಅವಳೇ ಅಂತೆ. ಆ ದಿನ ಎಣ್ಣೆ ಹಚ್ಚಿಕೊಳ್ಳದೆ ಬಾ ಎಂದಿದ್ದಾರೆ. ಅಜ್ಜಿಗೆ ಇದೊಂದು ಮಾತ್ರ ಇನ್ನೂ ಒಪ್ಪಿಗೆಯಾಗಿಲ್ಲ.

ನಿಮ್ಮ ಅನುಭವ, ಅಭಿಪ್ರಾಯ, ಬೈಗುಳ ಏನೇ ಇದ್ದರೂ ಸಂಪಾದಕರಿಗೆ ಬರೆದು ಕಳಿಸಿ.


ನಿಮ್ಮವನೇ ಆದ ಒಬ್ಬ ತಿಪಟೂರಿನವ